ಇಂಜಿನ್ ಹೋಯಿತು ಅನ್ನುವ ಮೊದಲು

ಹತ್ತು ವರ್ಷ ದಾಟಿದ ಕಾರಿನ ಬಾನೆಟ್ ಒಳಗಿಂದ ಹೊಸದೊಂದು ಸದ್ದು ಕೇಳಿಬಂದರೆ ಮುಂಬೈಯಲ್ಲಿ ಇವತ್ತು ಸಿಗುವ ಸಲಹೆ ಒಂದೇ: ಇಂಜಿನ್ ಹೋಯಿತು, ಇನ್ನು ದುಡ್ಡು ಸುರಿಯಬೇಡಿ, ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತೆಗೆದುಕೊಳ್ಳಿ. ಸೊಸೈಟಿಯ ಪಾರ್ಕಿಂಗಿನಲ್ಲಿ ನೆರೆಯವರು ಹೇಳುವುದು ಇದನ್ನೇ. ಹಳೇ ಗಾಡಿ ಕೊಳ್ಳಲು ಬಂದ ದಲ್ಲಾಳಿ ಹೇಳುವುದು ಇದನ್ನೇ. ಸರ್ವಿಸ್ ಸೆಂಟರಿನ ಅಡ್ವೈಸರ್ ಎಸ್ಟಿಮೇಟ್ ಮುಂದಿಟ್ಟು, ಸ್ವಲ್ಪ ನಯವಾಗಿ ಹೇಳುವುದೂ ಇದನ್ನೇ. ಬೊರಿವಲಿಯಿಂದ ಡೊಂಬಿವಲಿಯವರೆಗೆ ಈ ಮಾತು ಎಷ್ಟು ಬೇರೂರಿದೆಯೆಂದರೆ, ಆ ಸದ್ದು ಬಂದದ್ದು ಎಲ್ಲಿಂದ ಎಂದು ಕೇಳುವವರೇ ಇಲ್ಲವಾಗಿದ್ದಾರೆ. ಮಧ್ಯಮ ವರ್ಗದ ಮನೆಗಳು ಇನ್ನೂ ಹಲವು ವರ್ಷ ಓಡಬಲ್ಲ ಗಾಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟು, ಐದು-ಏಳು ವರ್ಷದ ಇಎಂಐ ಹೊತ್ತುಕೊಳ್ಳುತ್ತಿವೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ಸಿಕೊಂಡ ಹಾಗೆ. ಈ ಸಲಹೆ ತಪ್ಪು ಎಂದು ನಾನು ಹೇಳುತ್ತಿದ್ದೇನೆ, ಅದಕ್ಕೆ ಕಾರಣಗಳನ್ನೂ ಕೊಡುತ್ತೇನೆ.

ಬಾನೆಟ್ ಕೆಳಗಿಂದ ಬರುವ ಸದ್ದೆಲ್ಲ ಇಂಜಿನ್ನಿನದಲ್ಲ. ಇಂಜಿನ್ನಿನ ಹೊರಮೈಗೆ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್, ಇವನ್ನೆಲ್ಲ ತಿರುಗಿಸುವ ಬೆಲ್ಟು, ಆ ಬೆಲ್ಟನ್ನು ಬಿಗಿಯಾಗಿಡುವ ಪುಲಿ ಅಂಟಿಕೊಂಡಿರುತ್ತವೆ. ಒಂದೊಂದರೊಳಗೂ ಬೇರಿಂಗು ಇದೆ, ಬೇರಿಂಗು ಸವೆದರೆ ಗರಗರ ಎನ್ನುತ್ತದೆ. ಎ.ಸಿ. ಹಾಕಿದಾಗ ಬಂದು ತೆಗೆದಾಗ ಹೋಗುವ ಸದ್ದು ಕಂಪ್ರೆಸರ್ ಕಡೆಯದು. ಗುರುಗುಟ್ಟುವಿಕೆಯ ಜೊತೆಗೆ ಪಂಪಿನ ಕೆಳಗೆ ಕೂಲಂಟ್ ತೊಟ್ಟಿಕ್ಕಿ ಒಣಗಿದ ಕಲೆ ಕಂಡರೆ ಅದು ವಾಟರ್ ಪಂಪು. ಸಿಗ್ನಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತಾಗ ಸ್ಟೇರಿಂಗು, ಸೀಟು ಎಲ್ಲ ನಡುಗಿ, ರಿವರ್ಸಿಗೆ ಹಾಕಿದಾಗ 'ದಡ್' ಎಂದು ಬಡಿದರೆ ಇಂಜಿನ್ ಮೌಂಟಿಂಗಿನ ರಬ್ಬರು ಸತ್ತಿದೆ. ಮುಂಬೈಯ ಹೊಂಡಗಳಲ್ಲಿ ಆ ರಬ್ಬರು ಬೇಗ ಸಾಯುತ್ತದೆ, ಮೂರು ಸಿಲಿಂಡರಿನ ಗಾಡಿಗಳಲ್ಲಿ ನಡುಕ ಮೊದಲೇ ಜಾಸ್ತಿ. ಇದರಲ್ಲಿ ಯಾವುದಕ್ಕೂ ಇಂಜಿನ್ ಬಿಚ್ಚಬೇಕಿಲ್ಲ.

ಇನ್ನೂ ದೂರದ ಸದ್ದುಗಳನ್ನು ಸಹ ಇಂಜಿನ್ನಿನ ತಲೆಗೆ ಕಟ್ಟುತ್ತಾರೆ. ಪೇವರ್ ಬ್ಲಾಕ್ ಹಾಸಿದ ರಸ್ತೆಯಲ್ಲಿ ಮುಂದಿನ ಚಕ್ರದ ಕಡೆಯಿಂದ ಬರುವ ಲೊಡಲೊಡ ಸಾಮಾನ್ಯವಾಗಿ ಸಸ್ಪೆನ್ಷನ್ನಿನ ಲಿಂಕ್ ರಾಡಿನದು, ಇಲ್ಲವೇ ಲೋಯರ್ ಆರ್ಮ್ ಬುಷ್ಷಿನದು. ವೇಗಕ್ಕೆ ತಕ್ಕ ಹಾಗೆ ಏರಿ, ತಿರುವಿನಲ್ಲಿ ರಾಗ ಬದಲಿಸುವ ಗುಂಯ್‌ಗುಟ್ಟುವಿಕೆ ಚಕ್ರದ ಬೇರಿಂಗಿನದು. ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲರೇಟರ್ ಒತ್ತಿ. ಸದ್ದು ಬರಲಿಲ್ಲವೋ, ಹುಡುಕಬೇಕಾದ ಜಾಗ ಮೊದಲು ಚಕ್ರ ಮತ್ತು ಸಸ್ಪೆನ್ಷನ್. ಯಾರು ಬೇಕಾದರೂ ಮಾಡಬಹುದಾದ ಈ ಪರೀಕ್ಷೆಯನ್ನು ಮಾಡದೆಯೇ ಜನ ಇಂಜಿನ್ ಓವರ್‌ಹಾಲ್‌ನ ಮಾತಾಡುತ್ತಾರೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಒಳಗಲ್ಲಿಯೊಂದರಲ್ಲಿ ವಿಜಯಪುರದ ಕಡೆಯ ಮೆಕ್ಯಾನಿಕ್ ಒಬ್ಬರ ಕೆಲಸ ನೋಡುತ್ತ ನಿಂತಿದ್ದೆ. ಮುಲುಂಡಿನಿಂದ ಬಂದ ಒಬ್ಬರ ಹ್ಯಾಚ್‌ಬ್ಯಾಕ್ ಬೆಳಿಗ್ಗೆ ಕಿರುಚುತ್ತಿತ್ತು. ಟೈಮಿಂಗ್ ಚೈನ್ ಕಿಟ್ ಬದಲಿಸಬೇಕು ಎಂದು ಎಲ್ಲೋ ಬರೆದುಕೊಟ್ಟ ದೊಡ್ಡ ಮೊತ್ತದ ಎಸ್ಟಿಮೇಟ್ ಅವರ ಕೈಯಲ್ಲಿತ್ತು. ಮೆಕ್ಯಾನಿಕ್ ಅದನ್ನು ನೋಡಲೇ ಇಲ್ಲ. "ಬಾನೆಟ್ ಆಮ್ಯಾಲೆ ತೆಗಿಯೋಣ್ರಿ. ಮೊದಲ ಹೇಳ್ರಿ, ಆವಾಜ ಯಾವಾಗ ಬರ್ತೈತಿ? ಗಾಡಿ ಥಂಡಾ ಇದ್ದಾಗೋ, ಗರಮ್ ಆದ ಮ್ಯಾಲೋ?"

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ. ಮಳೆ ಇದ್ರೆ ಇನ್ನೂ ಜೋರು."

ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಓಡುತ್ತಿದ್ದ ಬೆಲ್ಟಿನ ಗೀರುಗಳಿರುವ ಮಗ್ಗುಲಿಗೆ ದೂರದಿಂದಲೇ ನಾಲ್ಕು ಹನಿ ಚಿಮುಕಿಸಿದರು. ಕಿರುಚಾಟ ಒಮ್ಮೆಲೇ ಜೋರಾಯಿತು. ನೀರು ಬಿದ್ದಾಗ ಸದ್ದು ಏರಿದರೆ ಬೆಲ್ಟಿನ ಬಿಗಿ ಸಾಲದು, ಒಂದು ಗಳಿಗೆ ನಿಂತು ಮತ್ತೆ ಶುರುವಾದರೆ ಪುಲಿಗಳು ಒಂದೇ ಸಾಲಿನಲ್ಲಿಲ್ಲ. ಇಂಜಿನ್ ಆರಿಸಿ, ಬೆಲ್ಟು ಕಳಚಿ, ಪುಲಿಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿದರು. ಟೆನ್ಷನರ್ ಪುಲಿ ಮಾತ್ರ ಮರಳು ಸಿಕ್ಕಿದಂತೆ ಕರಕರ ಎಂದಿತು. ಆಮೇಲೆ ಬೆಲ್ಟಿಲ್ಲದೆಯೇ ಕೆಲವೇ ಸೆಕೆಂಡು ಇಂಜಿನ್ ಓಡಿಸಿದರು. ಸದ್ದಿಲ್ಲ. ಚೈನಿನ ಮೇಲಿದ್ದ ಆಪಾದನೆ ಅಲ್ಲಿಗೆ ಮುಗಿಯಿತು. ಹೊಸ ಬೆಲ್ಟು, ಟೆನ್ಷನರ್ ಎರಡೂ ಬಂದವು, ಗಾಡಿ ಅದೇ ಮಧ್ಯಾಹ್ನ ಮನೆಗೆ ಹೋಯಿತು.

ಇದರಲ್ಲಿ ಪವಾಡವಾಗಲಿ, ಕೈಗುಣವಾಗಲಿ ಇಲ್ಲ. ಒಂದೊಂದನ್ನೇ ಬೇರ್ಪಡಿಸಿ, ತಪ್ಪಿಲ್ಲದ್ದನ್ನು ಪಟ್ಟಿಯಿಂದ ಕೈಬಿಡುತ್ತ ಬರುವ ಶಿಸ್ತು ಇದೆ. ಎಸ್ಟಿಮೇಟ್ ಬರೆದವರು ಅಪ್ರಾಮಾಣಿಕರು ಎಂದು ನಾನು ಹೇಳುವುದಿಲ್ಲ. ಅಲ್ಲಿನ ಲೆಕ್ಕ ನಡೆಯುವುದು ಬದಲಿಸಿದ ಬಿಡಿಭಾಗದ ಮೇಲೆ ಮತ್ತು ಆ ಕೆಲಸಕ್ಕೆ ಗೊತ್ತುಮಾಡಿದ ಮಜೂರಿಯ ಮೇಲೆ. ಅರ್ಧ ಗಂಟೆ ಕಿವಿಗೊಟ್ಟು ನಿಂತದ್ದಕ್ಕೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ಹಾಗಾಗಿ ಕಿವಿಗೊಡುವ ಕೆಲಸ ಬಿಟ್ಟುಹೋಗಿ, ಊಹೆಯ ಮೇಲೆ ಬಿಡಿಭಾಗ ಬದಲಿಸುವ ಪದ್ಧತಿ ಬೇರೂರಿದೆ.

ಟಿಕ್ ಟಿಕ್ ಸದ್ದಿನ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಕೇಳಿದ ಕೂಡಲೇ ಎಲ್ಲರೂ 'ಟ್ಯಾಪೆಟ್' ಅನ್ನುತ್ತಾರೆ. ಆದರೆ ಇಂಜೆಕ್ಟರ್ ತೆರೆದು ಮುಚ್ಚುವಾಗ ಟಿಕ್ ಎನ್ನುವುದು ಅದರ ಸಹಜ ಗುಣ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಅದೇ ರೀತಿಯ ಟಿಕ್ ಟಿಕ್ ಬರುತ್ತದೆ. ಗಾಡಿ ತಣ್ಣಗಿದ್ದಾಗ ಜೋರಾಗಿದ್ದು, ಲೋಹ ಬಿಸಿಯಾಗಿ ಹಿಗ್ಗಿ ಬಿರುಕು ಮುಚ್ಚಿದಾಗ ಅದು ತಗ್ಗುತ್ತದೆ. ಸಡಿಲಾದ ಸ್ಪಾರ್ಕ್ ಪ್ಲಗ್ ಕೂಡ ಹೀಗೆಯೇ ಮೋಸ ಮಾಡುತ್ತದೆ. ನಿಜಕ್ಕೂ ಟ್ಯಾಪೆಟ್ಟೇ ಆಗಿದ್ದರೆ ಅದಕ್ಕೊಂದು ಲೆಕ್ಕವಿದೆ: ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಮೀಟರಿನಲ್ಲಿ 800 ಆರ್‌ಪಿಎಂ ಇದ್ದರೆ ಒಂದು ವಾಲ್ವಿನ ಟಿಕ್ ನಿಮಿಷಕ್ಕೆ 400 ಸಲ. ಪಳಗಿದ ಕಿವಿ ಈ ಅರ್ಧ ತಾಳವನ್ನು ಹಿಡಿದುಬಿಡುತ್ತದೆ, ಇಂಜಿನ್ನಿನ ಮೇಲ್ಭಾಗವೋ ಕೆಳಭಾಗವೋ ಎಂಬುದು ಅದರಿಂದಲೇ ಬಹುಪಾಲು ತೀರ್ಮಾನವಾಗುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದರೆ ಯಾವ ಸಿಲಿಂಡರ್ ಎಂಬುದೂ ತಿಳಿಯುತ್ತದೆ. ಆಯಿಲ್ ಮಟ್ಟ ಕೆಳಗಿಳಿದಿದ್ದರೂ ಟ್ಯಾಪೆಟ್ ಸದ್ದು ಮಾಡುವುದರಿಂದ ಡಿಪ್‌ಸ್ಟಿಕ್ ಎಳೆದು ನೋಡುವುದು ಇದೆಲ್ಲಕ್ಕಿಂತ ಮುಂಚಿನ ಕೆಲಸ.

ಸದ್ದಿಲ್ಲದಿದ್ದರೆ ಇಂಜಿನ್ ಚೆನ್ನಾಗಿದೆ ಎನ್ನುವುದು ಇದೇ ಅಭಿಪ್ರಾಯದ ಇನ್ನೊಂದು ಮುಖ, ಅದು ಮೊದಲನೆಯದಕ್ಕಿಂತ ಅಪಾಯಕಾರಿ. ಮುಂಬೈ ಸಿಎನ್‌ಜಿ ಊರು. ಟ್ಯಾಕ್ಸಿ, ರಿಕ್ಷಾಗಳ ಹಿಂದೆ ಮನೆಯ ಕಾರುಗಳೂ ಮಹಾನಗರ್ ಗ್ಯಾಸ್‌ನ ಪಂಪುಗಳಲ್ಲಿ ಸಾಲು ನಿಲ್ಲುತ್ತವೆ. ಸಿಎನ್‌ಜಿ ಒಣ ಇಂಧನ, ಪೆಟ್ರೋಲಿನ ಹನಿಗಳು ವಾಲ್ವಿಗೆ ಕೊಡುವ ತಂಪು ಅದರಲ್ಲಿಲ್ಲ. ವರ್ಷಗಳು ಕಳೆದಂತೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ವಾಲ್ವು ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ ಗ್ಯಾಪು ಕಿರಿದಾಗುತ್ತದೆ. ಗ್ಯಾಪು ಕಿರಿದಾದಷ್ಟೂ ಟಿಕ್ ಟಿಕ್ ಕಡಿಮೆ! ಇಂಜಿನ್ ನಯವಾಯಿತು ಎಂದು ಮನೆಯವರು ಸಂತೋಷಪಡುವ ಹೊತ್ತಿಗೆ ವಾಲ್ವು ಪೂರ್ತಿ ಮುಚ್ಚಲಾಗದೆ ಬೆಂಕಿಯ ಬಾಯಿಗೆ ಸಿಕ್ಕಿ ಸುಡುತ್ತಿರುತ್ತದೆ. ಕಂಪ್ರೆಷನ್ ಇಳಿದು, ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸಿದಾಗಲೇ ಗೊತ್ತಾಗುವುದು. ಹೋಂಡಾ ಸಿಟಿಯಂಥ ಗಾಡಿಗಳಲ್ಲಿ ಈ ಗ್ಯಾಪನ್ನು ಫೀಲರ್ ಗೇಜ್ ತೂರಿಸಿ, ನಟ್ ಸಡಿಲಿಸಿ ಕೈಯಿಂದಲೇ ಹೊಂದಿಸಬೇಕು. ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕದ ಕೆಲಸ. ಸದ್ದೇ ಇಲ್ಲವಲ್ಲ ಎಂದು ಇದನ್ನು ಮುಂದೂಡುವವರಿಗೆ ಕೊನೆಗೆ ಸಿಲಿಂಡರ್ ಹೆಡ್ ಇಳಿಸುವ ಖರ್ಚು ಕಾದಿರುತ್ತದೆ.

"ಸ್ಕ್ಯಾನರ್ ಹಾಕಿದೆವು, ಏನೂ ತೋರಿಸಲಿಲ್ಲ" ಎನ್ನುವುದು ಈಗಿನ ಕೊನೆಯ ಮಾತಾಗಿಬಿಟ್ಟಿದೆ. ಸ್ಕ್ಯಾನರ್ ಒಳ್ಳೆಯ ಉಪಕರಣ, ನನಗೆ ಅದರ ಮೇಲೆ ಹಗೆಯಿಲ್ಲ. ಸೊಸೈಟಿಯಲ್ಲಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದು ಒಂದು ಸಿಲಿಂಡರ್ ಮಿಸ್ ಆಗುತ್ತಿದ್ದರೆ ಯಾವ ಸಿಲಿಂಡರ್ ಎಂದು ಅದು ಥಟ್ಟನೆ ಹೇಳುತ್ತದೆ. ಆದರೆ ಅದು ಓದುವುದು ಸೆನ್ಸರ್ ಇರುವ ಜಾಗದ ಸುದ್ದಿಯನ್ನಷ್ಟೇ. ಬೆಲ್ಟಿಗೆ, ಮೌಂಟಿಂಗಿನ ರಬ್ಬರಿಗೆ, ಸೈಲೆನ್ಸರ್ ಮೇಲಿನ ತಗಡಿಗೆ ಸೆನ್ಸರ್ ಇಲ್ಲ. ಕಡಲ ಗಾಳಿಗೆ ಆ ತಗಡಿನ ಬೋಲ್ಟು ತುಕ್ಕು ಹಿಡಿದು ಕಳಚಿ, ಒಂದು ಗೊತ್ತಾದ ಆರ್‌ಪಿಎಂನಲ್ಲಿ ಝರ್ರನೆ ಅದುರುವುದು ಮುಂಬೈಯಲ್ಲಿ ಪ್ರತಿದಿನದ ದೂರು. ಅದಕ್ಕೆ ಮದ್ದು ಉದ್ದನೆಯ ಒಂದು ಹೋಸ್ ಕ್ಲಿಪ್. ಸ್ಕ್ಯಾನರ್ ಪರದೆ ಖಾಲಿಯಿದೆ ಎಂಬುದರಿಂದ ಸದ್ದು ಸುಳ್ಳಾಗುವುದಿಲ್ಲ, ಬೇರೆ ಕಾರಣ ಸಿಗಲಿಲ್ಲವೆಂದು ಇಂಜಿನ್ನನ್ನು ಹೊಣೆ ಮಾಡುವ ಹಕ್ಕೂ ಯಾರಿಗೂ ಬರುವುದಿಲ್ಲ.

ಈಚೆಗೆ ಎಲ್ಲ ಸದ್ದಿಗೂ ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬಯ್ಯುವ ರೂಢಿ ಶುರುವಾಗಿದೆ. ಹಳೇ ಗಾಡಿಯ ರಬ್ಬರ್ ಪೈಪುಗಳು, ಮೈಲೇಜು, ಇವುಗಳ ಬಗೆಗಿನ ಆತಂಕ ಬೇರೆ, ಅದನ್ನು ಚರ್ಚಿಸಲೇಬೇಕು. ಆದರೆ ಘಾಟಿ ಏರುವಾಗ ಮೇಲಿನ ಗೇರಿನಲ್ಲಿ ಇಂಜಿನ್ ಕಟಕಟ ಎನ್ನುವ ನಾಕಿಂಗಿಗೆ ಎಥನಾಲ್ ಕಾರಣವೆನ್ನುವುದು ತಲೆಕೆಳಗು ಮಾತು. ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ನಾಕಿಂಗ್ ತಡೆಯುವುದೇ ಅದರ ಗುಣ. ಖಂಡಾಲಾ ಘಾಟಿಯಲ್ಲಿ ಗೇರ್ ಇಳಿಸದೆ ಒತ್ತಿದರೆ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದ್ದರೆ, ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಆ ಸದ್ದು ಬರುತ್ತದೆ.

ಇನ್ನು ದಪ್ಪ ಆಯಿಲ್ಲಿನ ಚಿಕಿತ್ಸೆ. ಇದನ್ನು ನಾನು ಚಿಕಿತ್ಸೆ ಎಂದು ಒಪ್ಪಲಾರೆ, ಇದು ಸಾಕ್ಷ್ಯನಾಶ. 5W-30 ಬೇಕಾದ ಇಂಜಿನ್ನಿಗೆ 20W-50 ಸುರಿದರೆ ಸವೆದ ಭಾಗಗಳ ನಡುವೆ ದಪ್ಪ ಪದರ ನಿಂತು ಸದ್ದು ಕೆಲವು ವಾರ ಅಡಗುತ್ತದೆ. ಹಳೇ ಗಾಡಿ ಮಾರುವವರಿಗೆ ಅಷ್ಟು ಸಾಕು. ಆದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಆ ಆಯಿಲ್ ಮೇಲಿನ ಕ್ಯಾಮಿಗೂ ಚೈನ್ ಟೆನ್ಷನರಿಗೂ ತಲುಪುವುದು ತಡವಾಗಿ, ಸವೆತ ಹೆಚ್ಚುತ್ತದೆ. ಕ್ರ್ಯಾಂಕಿನ ಬೇರಿಂಗಿನಲ್ಲಿ ಆಯಿಲ್‌ಗಾಗಿ ಬಿಟ್ಟಿರುವ ಸಂದು ಮಿಲಿಮೀಟರಿನ ನೂರನೇ ಭಾಗಗಳಷ್ಟು. ಅಂಥ ಕಡೆ ಕೈಗೆ ಸಿಕ್ಕಿದ ಆಯಿಲ್ ಸುರಿಯುವುದು ಅಪರಾಧವೆಂದೇ ನನ್ನ ಎಣಿಕೆ.

ಹಾಗಾದರೆ ಇಂಜಿನ್ ನಿಜವಾಗಿಯೂ ಹೋಗುವುದೇ ಇಲ್ಲವೇ? ಹೋಗುತ್ತದೆ. ಬಿಸಿಯಾದ ಮೇಲೆ ಹೆಚ್ಚಾಗುವ, ಭಾರ ಬಿದ್ದಾಗ ಕೆಳಗಿನಿಂದ ಬರುವ 'ಧಬ್ ಧಬ್' ಎಂಬ ಆಳದ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗಿನದು. ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಕಳಚಿ ನೋಡಿದರೆ, ಯಾವುದರಲ್ಲಿ ಬಡಿತ ತಗ್ಗುತ್ತದೋ ಅದೇ ರೋಗಿ. ಆಯಿಲಿನ ಕೆಂಪು ದೀಪವೂ ಹತ್ತಿಕೊಂಡಿದ್ದರೆ ಗಾಡಿಯನ್ನು ಒಂದು ಮೀಟರೂ ಓಡಿಸಬಾರದು, ಟೋ ಮಾಡಿಸಬೇಕು. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ತಾ, ಪುಂಟೊ ಎಲ್ಲದರಲ್ಲೂ ಇದ್ದ ಫಿಯೆಟ್ಟಿನ 1248 ಸಿಸಿ ಡೀಸೆಲ್ ಇಂಜಿನ್ನಿನಲ್ಲಿ, ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಬರುವ ಚೈನಿನ ಕರಕರವನ್ನು ಕಡೆಗಣಿಸಿದರೆ ಚೈನು ಹಲ್ಲು ಹಾರಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗಬಹುದು. ಅಲ್ಲಿಯೂ ಆರಂಭದಲ್ಲೇ ಕಿವಿಗೊಟ್ಟವರಿಗೆ ಚೈನ್ ಕಿಟ್ಟಿನ ಖರ್ಚು, ಕೊಡದವರಿಗೆ ಹೆಡ್ಡಿನ ಖರ್ಚು.

ಇಂಜಿನ್ ನಿಜಕ್ಕೂ ಹೋಗುವ ಇನ್ನೊಂದು ದಾರಿ ಮಳೆಯ ನೀರು. 2005ರ ಜುಲೈ 26ನ್ನು ಮುಂಬೈ ಮರೆಯಲಾರದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅಂಥ ನೀರಿನಲ್ಲಿ ಮುಳುಗಿ ನಿಂತ ಕಾರಿನ ಇಂಜಿನ್ನಿಗೆ ನೀರು ಮಾತ್ರದಿಂದ ಆಗುವ ಹಾನಿಗಿಂತ, ನೀರಿಳಿದ ಮೇಲೆ ಚಾವಿ ತಿರುಗಿಸುವುದರಿಂದ ಆಗುವ ಹಾನಿ ದೊಡ್ಡದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನೀರು ಹೊಕ್ಕಿದ್ದರೆ, ಮೇಲೇರುವ ಪಿಸ್ಟನ್ ಅಲ್ಲೇ ಕಚ್ಚಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ತಳ್ಳಿಕೊಂಡು ಒಣ ಜಾಗಕ್ಕೆ ತಂದು, ಬ್ಯಾಟರಿ ಕಳಚಿ, ಸ್ಪಾರ್ಕ್ ಪ್ಲಗ್ ತೆಗೆಸಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಆಯಿಲ್ ಬದಲಿಸಿದ ಮೇಲೆಯೇ ಚಾವಿ. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಈ ಹಾನಿ ಸಾಮಾನ್ಯವಾಗಿ ಸೇರುವುದಿಲ್ಲ, ಇಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ರಕ್ಷಣೆ ಕೊಂಡಿರಬೇಕು. ಮಳೆಗಾಲದ ನಂತರ ಇಂಜಿನ್ ಬಡಿಯತೊಡಗಿದರೆ ಕಂಪ್ರೆಷನ್ ಗೇಜ್ ಹಾಕಿಸಿ, ಯಾವ ಸಿಲಿಂಡರಿನ ಒತ್ತಡ ಬಿದ್ದಿದೆ ನೋಡಬೇಕು. ಇಂಜಿನ್ ಇಳಿಸಬೇಕಾಗಿ ಬರಬಹುದಾದ ಪ್ರಸಂಗವಿದು, ಅದನ್ನು ಸಹ ಗೇಜು ಹೇಳಬೇಕೇ ಹೊರತು ಊಹೆಯಲ್ಲ.

ಗಾಡಿಯ ಸದ್ದಿಗೆ ಕಿವಿಗೊಡುವುದು ಈ ಊರಿಗೆ ಹೊಸದೂ ಅಲ್ಲ, ಇದು ಕಾರುಗಳನ್ನೇ ತಯಾರಿಸಿದ ಊರು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ಮುಂದೆ ಬಂದರೂ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದಲ್ಲಿ ಅದರ ಕಾರ್ಖಾನೆ ಎದ್ದಿತು. ಅಲ್ಲಿ ತಯಾರಾದ ಫಿಯೆಟ್, ಪದ್ಮಿನಿಗಳ 1089 ಸಿಸಿ ಇಂಜಿನ್ನಿಗೆ ಆಗಾಗ ಟ್ಯಾಪೆಟ್ ಸೆಟ್ಟಿಂಗ್ ಬೇಕಾಗುತ್ತಿತ್ತು. ಕಾಲಿ-ಪೀಲಿ ಟ್ಯಾಕ್ಸಿಯ ಚಾಲಕರಿಗೆ ತಮ್ಮ ಗಾಡಿಯ ಒಂದೊಂದು ಸದ್ದೂ ಗೊತ್ತಿತ್ತು, ಗೊತ್ತಿರದಿದ್ದರೆ ಅನ್ನ ಹುಟ್ಟುತ್ತಿರಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟದ್ದು ಇಂಜಿನ್ ನಿಂತುಹೋದದ್ದರಿಂದಲ್ಲ, 20 ವರ್ಷದ ವಯೋಮಿತಿ ಮುಗಿದದ್ದರಿಂದ. ಹಗಲೂ ರಾತ್ರಿ ಬಾಡಿಗೆಗೆ ದುಡಿದ ಗಾಡಿ 20 ವರ್ಷ ಓಡಿದ ಊರಿನಲ್ಲಿ, ವಾರಕ್ಕೆರಡು ಸಲ ಹೊರಬೀಳುವ ಮನೆಯ ಕಾರು ಹತ್ತಕ್ಕೆ ಮುಗಿಯಿತು ಎಂದರೆ ನಂಬುವುದು ಹೇಗೆ?

ಎದುರುವಾದಿಗಳ ಬಲವಾದ ಪ್ರಶ್ನೆ ದುಡ್ಡಿನದು. ಗಾಡಿಯ ಮಾರುಬೆಲೆಯೇ ಎರಡು ಲಕ್ಷವಿರುವಾಗ ರಿಪೇರಿಗೆ ಅರವತ್ತು ಸಾವಿರ ಏಕೆ ಹಾಕಬೇಕು ಎನ್ನುತ್ತಾರೆ. ರಿಪೇರಿಯ ಖರ್ಚನ್ನು ಮಾರುಬೆಲೆಯ ಜೊತೆ ತೂಗುವುದೇ ತಪ್ಪು ಲೆಕ್ಕ. ತೂಗಬೇಕಾದದ್ದು ಅದರ ಬದಲಿಗೆ ಬರುವ ಗಾಡಿಯ ಕಂತು, ರೋಡ್ ಟ್ಯಾಕ್ಸ್, ಏರಿದ ವಿಮೆಯ ಜೊತೆ. ಅರವತ್ತು ಸಾವಿರದ ಕೆಲಸ ಅಗತ್ಯವೇ ಎಂಬುದನ್ನು ಅದಕ್ಕೂ ಮೊದಲು ಸಾಬೀತು ಮಾಡಬೇಕು. ಸರ್ಕಾರವೇ ಹಳೇ ಗಾಡಿ ಬೇಡವೆನ್ನುತ್ತಿದೆಯಲ್ಲ ಎಂದು ವಾದಿಸುವವರು ಹಳೇ ಗಾಡಿಗೆ ವಯಸ್ಸಿನ ಮಿತಿ ಹಾಕಿದ ದಿಲ್ಲಿಯ ನಿಯಮವನ್ನು ಮುಂಬೈಗೆ ಅಂಟಿಸುತ್ತಿದ್ದಾರೆ. ಮಹಾರಾಷ್ಟ್ರದಲ್ಲಿ 15 ವರ್ಷದ ನಂತರ ತಪಾಸಣೆ ಮಾಡಿಸಿ, ಪರಿಸರ ತೆರಿಗೆ ಕಟ್ಟಿ ನೋಂದಣಿಯನ್ನು ಐದು ವರ್ಷ ಮುಂದುವರಿಸಬಹುದು. 2021ರ ಗುಜರಿ ನೀತಿಯೂ ಖಾಸಗಿ ಕಾರಿಗೆ ಕೇಳುವುದು ಫಿಟ್‌ನೆಸ್ ಪರೀಕ್ಷೆಯನ್ನು.

ಸದ್ದು ಬೇಗ ಬರಲು ಕಾರಣವಾದ ಒಂದು ವಿಷಯವನ್ನು ಮಾತ್ರ ಸರ್ವಿಸ್ ಪುಸ್ತಕದ ಕಿಲೋಮೀಟರ್ ಲೆಕ್ಕ ಮುಚ್ಚಿಡುತ್ತದೆ. ಘೋಡ್‌ಬಂದರ್ ರಸ್ತೆಯಲ್ಲೋ ಸಯನ್ ಸರ್ಕಲಿನಲ್ಲೋ ಗಂಟೆಗಟ್ಟಲೆ ನಿಂತ ಗಾಡಿಯ ಮೀಟರು ಸರಿಯುವುದಿಲ್ಲ, ಇಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ, ಆಯಿಲ್ ಹಾಳಾಗುತ್ತಲೇ ಇರುತ್ತದೆ. ಹತ್ತು ಸಾವಿರ ಕಿಲೋಮೀಟರ್ ಕಾಯದೆ, ಮುಂಬೈಯ ಗಾಡಿಗೆ ಐದು-ಆರು ಸಾವಿರಕ್ಕೇ ಆಯಿಲ್ ಬದಲಿಸಬೇಕು. ತಯಾರಕರ ಕೈಪಿಡಿಗಳಲ್ಲಿ ಕಠಿಣ ಬಳಕೆ ಎಂಬ ತಲೆಬರಹದಡಿ ಇಂಥ ಓಡಾಟಕ್ಕೆ ಅವಧಿ ಕಡಿಮೆ ಮಾಡಲು ಹೇಳಿರುತ್ತಾರೆ, ಓದುವವರು ವಿರಳ.

ಗಾಡಿ ಇರುವವರು ಹಠ ಹಿಡಿಯಬೇಕಾದದ್ದು ಇಷ್ಟು. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸದ್ದು ಬರುವ ರಸ್ತೆಯಲ್ಲಿ, ಆ ವೇಗದಲ್ಲಿ ಓಡಿಸಿ ತೋರಿಸಿ. ಬೆಳಗಿನ ಸದ್ದಾದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟುಬನ್ನಿ, ಬಿಸಿ ಇಂಜಿನ್ನಿನಲ್ಲಿ ಅದು ಯಾರಿಗೂ ಕೇಳಿಸದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಎಸ್ಟಿಮೇಟ್ ಕೊಟ್ಟಾಗ, ಈ ಭಾಗವೇ ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಪರೀಕ್ಷೆಗೆ ಹಿಡಿದ ಹೊತ್ತಿಗೆ ಪ್ರತ್ಯೇಕ ಮಜೂರಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಆ ಕೆಲಸ ಉಳಿಯಬೇಕಾದರೆ ಅದಕ್ಕೆ ಬೆಲೆ ಸಿಗಲೇಬೇಕು. ತೆಗೆದ ಹಳೇ ಭಾಗವನ್ನು ಕೈಗೆ ತೆಗೆದುಕೊಂಡು ಬೇರಿಂಗು ತಿರುಗಿಸಿ ನೋಡಿ. ಮತ್ತೆ ಅದೇ ರಸ್ತೆಯಲ್ಲಿ, ಅದೇ ಮೆಕ್ಯಾನಿಕ್ ಜೊತೆಗೆ ಒಂದು ಸುತ್ತು ಹಾಕಿ ಬಂದ ಮೇಲೆ ಬಿಲ್ಲು ಕಟ್ಟಿ.